ದರ್ಭೆ ಹಾಕದ ಬಾಟಲಿ

ಶನಿವಾರ ಸಂಜೆ ಐದು ಗಂಟೆ ಹತ್ತು ನಿಮಿಷ. ನಮ್ಮ ಹಾಲ್‌ನ ಗಡಿಯಾರ ಎರಡು ನಿಮಿಷ ಮುಂದೆ ಓಡುತ್ತಿತ್ತು, ಆದ್ದರಿಂದ ಐದೂ ಎಂಟು ಎಂದರೂ ತಪ್ಪಿಲ್ಲ. ಎಂಬತ್ತರ ಫೆಬ್ರವರಿಯಲ್ಲಿ ಸೂರ್ಯಗ್ರಹಣ ಆಯಿತಲ್ಲ, ಆ ದಿನ. ಗ್ರಹಣ ಬಿಟ್ಟಿತ್ತು. ನಾನು ತಲೆಗೆ ನೀರು ಹುಯ್ದುಕೊಂಡು, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡನ ಅಕ್ಕ ಬಚ್ಚಲ ಮೋರಿಯ ಮುಂದೆ ಕೂತು ನೀಲಿ ಗಾಜಿನ ಬಾಟಲಿಯೊಂದರ ಬಿರಡೆ ತೆಗೆಯುತ್ತಿದ್ದರು.

ಅದು ಔಷಧಿಯ ಬಾಟಲಿ. ಅದರಲ್ಲಿ ಇನ್ನೂ ಹತ್ತು ಹೊತ್ತಿನ ಮದ್ದಿತ್ತು. ಅದನ್ನು ಚೆಲ್ಲುತ್ತಾರೆಂದು ನನಗೆ ಗೊತ್ತಾಯಿತು. ಚೆಲ್ಲಿದರೆ ಸೋಮವಾರದವರೆಗೆ ಇನ್ನೊಂದು ಸಿಗುವುದಿಲ್ಲವೆಂದೂ ಗೊತ್ತಿತ್ತು. ಬಿರಡೆ ಬಿಗಿಯಾಗಿತ್ತು. ಸೆರಗಿನಲ್ಲಿ ಹಿಡಿದು ತಿರುಗಿಸಿದರು, ಬರಲಿಲ್ಲ, ಇನ್ನೊಮ್ಮೆ ತಿರುಗಿಸಿದರು. ಅಷ್ಟು ಹೊತ್ತು ನನಗಿತ್ತು. 'ಅಕ್ಕಾ' ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು.

ನಾನು ಕರೆಯಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ಬಿರಡೆ ನನ್ನ ಕಣ್ಣ ಮುಂದೆ ತಿರುಗುತ್ತಲೇ ಇರುತ್ತದೆ.

ಮೊದಲಿನಿಂದ ಹೇಳುತ್ತೇನೆ.

ನಾವಿದ್ದದ್ದು ಬನಶಂಕರಿ ಎರಡನೇ ಹಂತದಲ್ಲಿ. ಇವರು ಬ್ಯಾಂಕಿನಲ್ಲಿ ಕ್ಲಾರ್ಕು. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಇವರು ಹುಟ್ಟಿದ ಹನ್ನೊಂದನೇ ದಿನಕ್ಕೆ ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿಮೂರು ವರ್ಷ. ಆ ಹದಿಮೂರರ ಹುಡುಗಿಯೇ ಇವರನ್ನು ಬೆಳೆಸಿದ್ದು. ಮದುವೆಯಾಗಿ ಆರೇಳು ವರ್ಷಕ್ಕೆ ಗಂಡ ಹೋದ ಮೇಲೆ ಕೆಲಸಕ್ಕೆ ಸೇರಿ ಇವರನ್ನು ಓದಿಸಿದ್ದೂ ಅವರೇ. ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಇಂಗ್ಲಿಷಿನಲ್ಲಿ ಊರೂರಿಗೆ ಲೈನು ಕೊಡುತ್ತಿದ್ದ ಹೆಂಗಸು, ಮನೆಗೆ ಬಂದ ತಕ್ಷಣ ಸ್ನಾನ ಮಾಡಿ ಮಡಿಯುಟ್ಟು ಅಡುಗೆಮನೆಗೆ ಹೋಗುತ್ತಿದ್ದರು. ನಾನು ಬಿ.ಎಸ್ಸಿ. ಮಾಡಿದ್ದೆ. ಸೊಸೆ ಓದಿದವಳು ಎಂದು ಅಕ್ಕ ಬೀದಿಯಲ್ಲೆಲ್ಲ ಹೇಳಿಕೊಂಡಿದ್ದರು. ಅವರು ನನ್ನನ್ನು ಯಾವತ್ತೂ ನೋಯಿಸಿದವರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ಇವರಿಗೆ ಮೂತ್ರಪಿಂಡದಲ್ಲಿ ಕಲ್ಲು. ನೋವು ಬಂದರೆ ನೆಲದ ಮೇಲೆ ಹೊರಳುತ್ತಿದ್ದರು. ಒಂದು ನರ್ಸಿಂಗ್ ಹೋಮಿನಲ್ಲಿ ಪೆಥಿಡಿನ್ ಇಂಜೆಕ್ಷನ್ ಕೊಟ್ಟರು, ಅಫೀಮಿನ ಜಾತಿಯ ಮದ್ದು, ನೋವು ನಿಂತಿತು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಆಮೇಲೆ ಮನೆಗೇ ಬಂದು ಕೊಡಲು ಶುರುಮಾಡಿದ. ಕೈಯಲ್ಲೊಂದು ತಗಡಿನ ಡಬ್ಬ, ಅದರೊಳಗೆ ಸಿರಿಂಜು. ನಾನು ಅವನಿಗೆ ಬಾಗಿಲು ತೆಗೆದಿದ್ದೇನೆ. ಸೂಜಿ ಕುದಿಸಲು ಬಿಸಿನೀರು ಕೊಟ್ಟಿದ್ದೇನೆ. ಕಾಫಿ ಮಾಡಿ, ಸಕ್ಕರೆ ಸಾಕಾ ಎಂದು ಕೇಳಿದ್ದೇನೆ. ಕಲ್ಲು ಕರಗಿ ಹೋಗಿ ವರ್ಷವಾದರೂ ನೋವು ಮಾತ್ರ ವಾರಕ್ಕೆ ಮೂರು ಸಲ, ಆಮೇಲೆ ದಿನಕ್ಕೊಂದು ಸಲ ಬರುತ್ತಿತ್ತು. ತೊಡೆಯ ಮೇಲೆ ಗಂಟುಗಂಟಾಗಿ ಕಪ್ಪಿಟ್ಟದ್ದನ್ನು ಮೊದಲು ಕಂಡವಳು ನಾನೇ. ಕೇಳಿದೆ. "ಸೊಳ್ಳೆ ಕಚ್ಚಿದ್ದು" ಅಂದರು. ಇನ್ನೊಂದು ಸಲ ಕೇಳಿದಾಗ ದೇವರ ಮೇಲೆ ಆಣೆ ಇಟ್ಟರು. ಮೂರು ಸಲ ಇಟ್ಟರು. ಮೂರು ಸಲವೂ ನಾನು ನಂಬಿದೆ.

ಅಕ್ಕ ಕೇಳಿದ್ದು ಒಂದೇ ಸಲ. ಊಟಕ್ಕೆ ಬಡಿಸುತ್ತ, ಸಾರಿನ ಸೌಟು ಕೈಯಲ್ಲಿ ಹಿಡಿದೇ, "ಪುಟ್ಟಾ, ಎಷ್ಟು ದಿನದಿಂದ?" ಅಂದರು. ಮೂವತ್ತಮೂರು ವರ್ಷದ ಗಂಡಸು ಎಲೆಯ ಮುಂದೆ ತಲೆ ತಗ್ಗಿಸಿ, "ಎರಡು ವರ್ಷ ಆಯ್ತಕ್ಕ" ಅಂದುಬಿಟ್ಟರು.

ನನಗೆ ಆಗ ಆದದ್ದು ದುಃಖವಲ್ಲ. ಅದನ್ನು ದುಃಖವೆಂದುಕೊಂಡು ಬಹಳ ದಿನ ಇದ್ದೆ. ಮತ್ತೆ ಮತ್ತೆ ಕೇಳಿದ ನನಗೆ ಸಿಗದ ಮಾತು ಸೌಟು ಹಿಡಿದು ಕೇಳಿದವರಿಗೆ ಸಿಕ್ಕಿತಲ್ಲ ಎಂಬ ಉರಿ ಅದು.

ಜಯನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ ಒಬ್ಬ ಡಾಕ್ಟರಿದ್ದರು. ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಇಂಥ ಕೇಸು ಅಲ್ಲಿ ಬಹಳ ನೋಡಿದ್ದರಂತೆ. ಮೂವರೂ ಹೋದೆವು. ಅವರು ಹೇಳಿದ್ದು ಹೀಗೆ: ಸೂಜಿಯನ್ನು ಒಮ್ಮೆಗೇ ಬಿಡಿಸಿದರೆ ದೇಹ ತಡೆಯುವುದಿಲ್ಲ, ಓಡಿಹೋಗಿ ಮತ್ತೆ ಚುಚ್ಚಿಸಿಕೊಳ್ಳುತ್ತಾರೆ. ಅದಕ್ಕೆ ಅಫೀಮಿನ ಟಿಂಕ್ಚರನ್ನು ಮಿಕ್ಸ್ಚರಿನಲ್ಲಿ ಬೆರೆಸಿ, ಬೆಳಿಗ್ಗೆ ಆರಕ್ಕೊಮ್ಮೆ ಸಂಜೆ ಆರಕ್ಕೊಮ್ಮೆ ಬಾಯಿಗೆ ಕೊಡಬೇಕು. ಕೆಲವು ವಾರಕ್ಕೊಮ್ಮೆ ಅವರ ಕಾಂಪೌಂಡರು ಅದರಲ್ಲಿ ಮದ್ದು ಕಡಿಮೆ ಮಾಡಿ ನೀರು ಹೆಚ್ಚು ಮಾಡುತ್ತಾನೆ. ಬಣ್ಣ ಅದೇ, ಕಹಿ ಅದೇ. ಎಷ್ಟು ಇಳಿದಿದೆ ಎಂಬುದು ಕುಡಿಯುವವರಿಗೆ ತಿಳಿಯಬಾರದು.

"ಅಂದ್ರೆ ವಿಷ ಬಿಡಿಸಕ್ಕೆ ವಿಷಾನೇ ಕೊಡೋದಾ ಸಾರ್?" ಅಂದರು ಅಕ್ಕ.

"ನೀವು ಮಹಡೀಲಿದೀರಮ್ಮ. ಕೆಳಗೆ ಬರಬೇಕು. ಹಾರ್ತೀರೋ, ಮೆಟ್ಲು ಇಳೀತೀರೋ?"

ಆಮೇಲೆ ಇವರ ಕಡೆ ತಿರುಗಿ, "ಬಾಟ್ಲಿ ಒಬ್ಬರ ಕೈಲಿರಬೇಕು. ಯಾರ ಹತ್ರ ಸುಳ್ಳು ಹೇಳಕ್ಕಾಗಲ್ವೋ ಅವರ ಕೈಲಿ. ಯಾರು ಹೇಳಿ" ಅಂದರು.

ನಾನು ಆಗಲೇ ಕೈಚೀಲದ ಬಾಯಿ ಬಿಡಿಸಿಟ್ಟುಕೊಂಡಿದ್ದೆ, ಬಾಟಲಿ ಇಟ್ಟುಕೊಳ್ಳಲು.

"ಅಕ್ಕ" ಅಂದರು ಇವರು. ಆಮೇಲೆ ನನ್ನ ಮುಖ ನೋಡಿ, "ಇವಳು ಒಳ್ಳೇವಳು ಸಾರ್. ನಂಬಿಬಿಡ್ತಾಳೆ" ಅಂದರು.

ಹೊಗಳಿದರೆಂದೇ ಡಾಕ್ಟರು ತಿಳಿದರು. ನಾನು ಕೈಚೀಲದ ಬಾಯಿ ಮುಚ್ಚಿದೆ.

ಅಲ್ಲಿಂದ ದಿನಕ್ಕೆರಡು ಸಲ ಮನೆಯಲ್ಲಿ ನಡೆಯುತ್ತಿದ್ದದ್ದನ್ನು ನಾನು ನೋಡಬೇಕಾಯಿತು. ಬಾಟಲಿ ಇದ್ದದ್ದು ಅಕ್ಕನ ಗೋಡೆಬೀರುವಿನಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಹಿಂದಿನ ಕಾಲದ ಮಿಕ್ಸ್ಚರ್ ಬಾಟಲಿ ಕಂಡವರಿಗೆ ನೆನಪಿರುತ್ತದೆ, ಒಂದು ಬದಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು, ಒಂದು ಹಲ್ಲಿಗೆ ಒಂದು ಹೊತ್ತು. ವಾರಕ್ಕೆ ಹದಿನಾಲ್ಕು ಹಲ್ಲು. ಆರಕ್ಕೆ ಸರಿಯಾಗಿ ಇವರು ಬಂದು ಮಣೆಯ ಮೇಲೆ ಕೂರುತ್ತಿದ್ದರು. ಅಕ್ಕ ಒಂದು ಹಲ್ಲಿನಷ್ಟು ಬಗ್ಗಿಸಿ ಕುಡಿಸುತ್ತಿದ್ದರು. ಬಗ್ಗಿಸುತ್ತಿದ್ದದ್ದು ಲೋಟಕ್ಕಲ್ಲ, ಬೆಳ್ಳಿ ಒಳಲೆಗೆ. ಕೂಸುಗಳಿಗೆ ಹಾಲು ಹುಯ್ಯುವ, ಒಂದು ಕಡೆ ಉದ್ದ ಮೂತಿಯ ಆ ಪುಟ್ಟ ಬಟ್ಟಲು. ತಾಯಿಯಿಲ್ಲದ ತಮ್ಮನಿಗೆ ಹದಿಮೂರರ ಅಕ್ಕ ಅದರಲ್ಲೇ ಹಾಲು ಕುಡಿಸಿದ್ದಂತೆ. ಮದುವೆಯಾದ ಹೊಸದರಲ್ಲಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ನನ್ನ ಟ್ರಂಕಿನಲ್ಲಿ ಇಟ್ಟಿದ್ದರು. "ಮುಂದೆ ನಿಂಗೆ ಬೇಕಾಗತ್ತೆ" ಎಂದಿದ್ದರು. ನಾಲ್ಕು ವರ್ಷ ಅದು ಹತ್ತಿಬಟ್ಟೆಯಲ್ಲಿ ಸುತ್ತಿ ಅಲ್ಲೇ ಇತ್ತು. ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆ ಅಕ್ಕ, "ಆ ಒಳಲೆ ಕೊಡೇ, ಒಂದು ತೊಟ್ಟೂ ಚೆಲ್ಲಲ್ಲ ಅದ್ರಲ್ಲಿ" ಎಂದು ಕೇಳಿದರು. ನಾನು ಕೊಟ್ಟೆ. ಇನ್ನೂ ಹುಟ್ಟದ ನನ್ನ ಮಗುವಿನ ಬಾಯಿಂದ ಕಿತ್ತುಕೊಟ್ಟ ಹಾಗಾಯಿತು.

ಕುಡಿದ ಮೇಲೆ ಇವರು ಮುಖ ಕಿವುಚುತ್ತಿದ್ದರು. ಅಕ್ಕ ಒಂದು ಚೂರು ಬೆಲ್ಲ ಬಾಯಿಗೆ ಹಾಕುತ್ತಿದ್ದರು, ತಮ್ಮ ಬೆರಳಿನಿಂದಲೇ.

"ಇವತ್ತು ಹೆಂಗಿದೆ?"

"ಮೊಣಕಾಲು ಸೆಳೀತಾ ಇದೆ."

"ನಿನ್ನೆ?"

"ನಿನ್ನೆಗಿಂತ ವಾಸಿ ಅಕ್ಕ."

ಇದನ್ನೆಲ್ಲ ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಹತ್ತಿರ ಹೇಳುತ್ತಿದ್ದದ್ದು "ಪರವಾಗಿಲ್ಲ" ಒಂದೇ. ಅಕ್ಕನಿಗೆ ಸಿಕ್ಕ ಮಾತೆಷ್ಟು, ನನಗೆ ಸಿಕ್ಕದ್ದೆಷ್ಟು ಎಂದು ಮನಸ್ಸು ಅಳೆಯುತ್ತಲೇ ಇರುತ್ತಿತ್ತು. ಇವರು ಗುಣವಾಗುತ್ತಿದ್ದರು. ಬ್ಯಾಂಕಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು, ಕೆನ್ನೆ ತುಂಬುತ್ತಿತ್ತು. ಎದುರು ಮನೆಯ ಆಂಟಿ, "ಏನ್ರೀ, ನಿಮ್ಮನೆಯವರು ಮದುವೆ ಗಂಡಿನ ಹಾಗಾಗಿದಾರೆ!" ಎಂದರೆ ನಕ್ಕು ಒಳಗೆ ಬಂದು, ಗುಣ ಮಾಡುತ್ತಿರುವವಳು ನಾನಲ್ಲವಲ್ಲ ಎಂದು ಪಾತ್ರೆ ಕುಕ್ಕುತ್ತಿದ್ದೆ. ಇಂಥ ಮಾತು ಬರೆಯಲು ನಾಚಿಕೆಯಾಗುತ್ತದೆ.

ನನಗೆ ಸಿಕ್ಕಿದ್ದ ಕೆಲಸ ಒಂದೇ. ಪ್ರತಿ ಗುರುವಾರ ಜಯನಗರಕ್ಕೆ ಹೋಗಿ ಹೊಸ ಬಾಟಲಿ ತರುವುದು. ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬರುವ ಅರ್ಧ ಗಂಟೆ ಮಾತ್ರ ಬಾಟಲಿ ನನ್ನದು. ಗೇಟು ತೆಗೆಯುವಷ್ಟರಲ್ಲಿ ಅಕ್ಕನ ಕೈ ಮುಂದಿರುತ್ತಿತ್ತು. ಗ್ರಹಣಕ್ಕೆ ಎರಡು ದಿನ ಮುಂಚಿನ ಗುರುವಾರ ಡಾಕ್ಟರು, "ನಾಳೆ ಮೈಸೂರಿಗೆ ಹೋಗ್ತಿದೀನಮ್ಮ, ಮಗಳ ಮನೆಗೆ. ಸೋಮವಾರ ಬರ್ತೀನಿ. ಬಾಟ್ಲಿ ಜೋಪಾನ. ನನ್ನ ಚೀಟಿ ಇಲ್ದೆ ಕಾಂಪೌಂಡ್ರೂ ಕೊಡಲ್ಲ, ಅಂಗಡಿಯವನೂ ಕೊಡಲ್ಲ" ಎಂದಿದ್ದರು. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಮರೆತದ್ದಲ್ಲ. ಅವರಿಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಹತ್ತಿರ ಇರಲಿ ಎಂದು.

ಗ್ರಹಣದ ದಿನ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಕಿಟಕಿಗಳಿಗೆಲ್ಲ ನ್ಯೂಸ್‌ಪೇಪರು. ಗ್ರಹಣ ಹಿಡಿದದ್ದು ಧನಿಷ್ಠಾ ನಕ್ಷತ್ರದಲ್ಲಿ, ಇವರದೂ ಧನಿಷ್ಠಾ. ಪಂಚಾಂಗದಲ್ಲಿ ಅದನ್ನು ನೋಡಿದ ದಿನದಿಂದ ಅಕ್ಕನಿಗೆ ನೆಮ್ಮದಿಯಿಲ್ಲ. ಬೆಳಗಿನ ಡ್ಯೂಟಿ ಮುಗಿಸಿ ಒಂದು ಗಂಟೆಗೆ ಓಡೋಡಿ ಬಂದು ಗ್ರಹಣದ ಶ್ಲೋಕ ಬರೆದ ತಾಳೆಗರಿಯ ಪಟ್ಟವೊಂದನ್ನು ಇವರ ಹಣೆಗೆ ಕಟ್ಟಿ ದೇವರ ಮುಂದೆ ಕೂರಿಸಿದರು. ಆಮೇಲೆ ಉಪ್ಪಿನಕಾಯಿ ಜಾಡಿ, ಹಾಲು, ತುಪ್ಪ, ಎಣ್ಣೆ, ಹಪ್ಪಳದ ಡಬ್ಬ, ಎಲ್ಲದಕ್ಕೂ ದರ್ಭೆ ಹಾಕಿದರು. ದರ್ಭೆ ಇದ್ದರೆ ಗ್ರಹಣದ ದೋಷ ತಟ್ಟುವುದಿಲ್ಲ, ಇಲ್ಲದಿದ್ದರೆ ಆಮೇಲೆ ಚೆಲ್ಲಬೇಕು. ಅವಸರದಲ್ಲಿ ಬೀಗ ಹಾಕಿದ ಬೀರುವಿನೊಳಗಿದ್ದ ಬಾಟಲಿ ಮರೆತುಹೋಯಿತು.

ಏಕಾದಶಿಗಳಲ್ಲಿ "ಮದ್ದಿಗೆ ದೋಷ ಇಲ್ಲ" ಎಂದು ಇವರಿಗೆ ಧಾರಾಳವಾಗಿ ಕುಡಿಸುತ್ತಿದ್ದವರು ಅವರೇ. ಆದರೆ ಅಂದು ಸಂಜೆ, ಆರು ಗಂಟೆಯ ಮದ್ದಿಗೆಂದು ಬೀರು ತೆಗೆದು ದರ್ಭೆಯಿಲ್ಲದ ಬಾಟಲಿ ನೋಡಿದಾಗ, ತಮ್ಮನ ನಕ್ಷತ್ರಕ್ಕೇ ಹಿಡಿದ ಗ್ರಹಣದಲ್ಲಿ ನಿಂತ ನೀರು ತಮ್ಮನ ಹೊಟ್ಟೆಗೆ ಹೋಗುವುದು ಅವರಿಂದ ಸಹಿಸಲಾಗಲಿಲ್ಲ. ಚೆಲ್ಲಿ, ಹೊಸದು ತರಿಸಿದರಾಯಿತು ಎಂದುಕೊಂಡರು.

ಬಿರಡೆ ಬಂತು. ಕಂದು ನೀರು ಮೋರಿಗೆ ಹೋಯಿತು. ದಾಲ್ಚಿನ್ನಿಯ ಹಾಗೆ, ಸಾರಾಯಿಯ ಹಾಗೆ ಒಂದು ವಾಸನೆ ಬಂತು. ಒಂದು ಸಲ, ಒಂದೇ ಒಂದು ಸಲ ಇವರ ಅಕ್ಕನೂ ತಪ್ಪು ಮಾಡಲಿ, ಇವರು ಅದನ್ನು ನೋಡಲಿ. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಆಮೇಲೇನಾಗುತ್ತದೆ ಎಂದು ಯೋಚಿಸಲಿಲ್ಲ ಎಂದರೆ ಅದು ಸುಳ್ಳು. ಎರಡು ದಿನ ಒದ್ದಾಡುತ್ತಾರೆ, ಸೋಮವಾರ ಸರಿಹೋಗುತ್ತದೆ ಎಂದು ಯೋಚಿಸಿದ್ದೆ.

"ಹೋಗಿ ಇನ್ನೊಂದು ಬಾಟ್ಲಿ ತಗೊಂಡ್ಬಾರೇ. ಆಟೋದಲ್ಲಿ ಹೋಗು" ಅಂದರು ಅಕ್ಕ.

ಡಾಕ್ಟರು ಊರಲ್ಲಿಲ್ಲ ಎಂದು ಆಗಲೂ ಹೇಳಲಿಲ್ಲ. ಹೋದೆ. ಡಾಕ್ಟರ ಮನೆಯ ಮುಚ್ಚಿದ ಗೇಟನ್ನು ಮುಟ್ಟಿ, ಸಿದ್ದಾಪುರದಲ್ಲಿದ್ದ ಕಾಂಪೌಂಡರ ಮನೆಗೆ ಹೋದೆ. ವಯಸ್ಸಾದ ಮನುಷ್ಯ, ಅವರೂ ಗ್ರಹಣದ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿದ್ದರು. "ಚೆಲ್ಲಿದ್ರಾ? ಅಯ್ಯೋ, ಅದಕ್ಕೊಂದು ಗರಿಕೆ ಹಾಕಿದ್ರೂ ಆಗ್ತಿತ್ತಲ್ಲ ತಾಯಿ!" ಎಂದು ಹಣೆ ಚಚ್ಚಿಕೊಂಡರು. ಮದ್ದಿನ ಬೀರುವಿನ ಬೀಗದ ಕೈ ಡಾಕ್ಟರ ಹತ್ತಿರ. ಬರಿಗೈಯಲ್ಲಿ ಬಂದು, ಡಾಕ್ಟರು ಮೈಸೂರಿಗೆ ಹೋಗಿದ್ದಾರಂತೆ ಎಂದೆ.

ಇವರು ಸಂಜೆ ಏಳರವರೆಗೂ ಮಣೆಯ ಮೇಲೇ ಕೂತಿದ್ದರು. ವಿಷಯ ತಿಳಿದಾಗ ಅಕ್ಕನನ್ನು ಒಂದು ಮಾತೂ ಅನ್ನಲಿಲ್ಲ. "ಹೋಗ್ಲಿ ಬಿಡಕ್ಕ, ನನ್ ಒಳ್ಳೇದಕ್ಕೇ ಮಾಡಿದ್ದಲ್ವಾ, ತಡ್ಕೋತೀನಿ" ಅಂದರು. ಅದನ್ನು ಕೇಳಿ ನನ್ನ ಹೊಟ್ಟೆ ಮತ್ತೆ ಉರಿಯಿತು. ಈ ಮದ್ದು ಶುರುವಾದ ಎರಡು ತಿಂಗಳಲ್ಲಿ ನಾನೊಮ್ಮೆ ಕಾಫಿಗೆ ಸಕ್ಕರೆ ಮರೆತಿದ್ದಕ್ಕೆ ಲೋಟ ತಳ್ಳಿದ್ದರು.

ಭಾನುವಾರ ಬೆಳಗಾಗುವಷ್ಟರಲ್ಲಿ ತಡೆದುಕೊಳ್ಳುವ ಮಾತು ಮುಗಿದಿತ್ತು. ಆಕಳಿಕೆಯ ಮೇಲೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಕೋಳಿಯ ಚರ್ಮದ ಹಾಗೆ ಎದ್ದ ಮೈ. ಕಾಲನ್ನು ಗೋಡೆಗೆ ಒದೆಯುತ್ತಿದ್ದರು. ಮೂರು ಗಂಟೆಗೆ, "ಬಿಸಿನೀರು ಕಾಲಿಗೆ ಹಾಕ್ಕೋಬೇಕು, ಹಂಡೆ ತುಂಬ ಕಾಯಿಸಿ" ಅಂದರು. ಅಕ್ಕ ಒಲೆಯ ಮುಂದೆ ಕೂತರು, ನಾನು ಸೇದಿ ಸೇದಿ ನೀರು ತಂದು ಹಾಕಿದೆ. ನೀರು ಕಾಯುವ ಹೊತ್ತಿಗೆ ಮುಂಬಾಗಿಲು ತೆರೆದಿತ್ತು.

"ಎಲ್ಲಿಗೆ ಹೋಗಿರ್ತಾನೇ?" ಅಕ್ಕನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಾಫಿ ಕುಡಿಯುತ್ತ ಆ ತಗಡಿನ ಡಬ್ಬದವನೇ ಹೇಳಿದ್ದ, ಬಿಳೇಕಹಳ್ಳಿಯಲ್ಲಿ ಕೆರೆ ಕಡೆಯ ಸಾಲಿನಲ್ಲಿ ರೂಮು ಎಂದು. ಆಗ ಅದು ಹಳ್ಳಿಯೇ, ಬನ್ನೇರುಘಟ್ಟ ರಸ್ತೆಯಲ್ಲಿ ಲಾರಿಗಳ ಧೂಳು ಬಿಟ್ಟರೆ ಏನಿಲ್ಲ. ಆಟೋ ಹುಡುಕಿ ಹೋಗುವಷ್ಟರಲ್ಲಿ ನಾಲ್ಕೂವರೆ.

ರೂಮಿನ ಬಾಗಿಲು ಹಾರುಹೊಡೆದಿತ್ತು. ಡಬ್ಬದವನಿರಲಿಲ್ಲ, ಹೆದರಿ ಓಡಿದ್ದ. ಇವರು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು, ತಲೆ ಎದೆಗೆ ಬಿದ್ದಿತ್ತು. ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡಿದ್ದರು. ಎರಡು ತಿಂಗಳಲ್ಲಿ ದೇಹಕ್ಕಿದ್ದ ಆ ತಾಳಿಕೆ ಹೋಗಿತ್ತು. ಡಾಕ್ಟರು ಮೊದಲ ದಿನವೇ ಹೇಳಿದ್ದರು: ಈ ಚಿಕಿತ್ಸೆಯ ನಡುವೆ ಹಳೇ ಲೆಕ್ಕಕ್ಕೆ ಚುಚ್ಚಿಸಿಕೊಂಡರೆ ಉಸಿರೇ ನಿಲ್ಲುತ್ತದೆ ಎಂದು.

"ನೀನು ಇವನನ್ನ ನೋಡ್ಕೋ. ಏನು ಮಾಡ್ಬೇಕೂಂತ ಕೇಳ್ತೀನಿ. ಡಾಕ್ಟ್ರು ಮೈಸೂರಲ್ಲಿ ಎಲ್ಲಿದಾರೆ?" ಅಂದರು ಅಕ್ಕ. ಕಾಂಪೌಂಡರು ಡಾಕ್ಟರ ಅಳಿಯನ ಹೆಸರು ಹೇಳಿದ್ದರು. ನಾನು ಹೇಳಿದೆ. ಅದೇ ಆಟೋದಲ್ಲಿ ಅವರು ಮುಖ್ಯ ರಸ್ತೆಯ ಮರದ ಡಿಪೋಗೆ ಓಡಿದರು, ಅಲ್ಲೊಂದು ಫೋನಿತ್ತು. ಅಲ್ಲಿ ನಡೆದದ್ದು ಆಮೇಲೆ ಕೇಳಿ ತಿಳಿದದ್ದು. ಎಕ್ಸ್‌ಚೇಂಜಿಗೆ ಮಾಡಿ, "ನಾನು ಕಣೇ. ಮೈಸೂರಿಗೊಂದು ಲೈಟ್ನಿಂಗ್ ಹಾಕು. ನಂಬರ್ ಗೊತ್ತಿಲ್ಲ, ಹುಡುಕು. ನನ್ ತಮ್ಮ ಸಾಯ್ತಿದಾನೆ" ಅಂದರಂತೆ. ಲೈಟ್ನಿಂಗ್ ಎಂದರೆ ಸರದಿ ಕಾಯದೆ ಎಲ್ಲಕ್ಕಿಂತ ಮೊದಲು ಸಿಗುವ ಟ್ರಂಕ್ ಕಾಲು. ಆ ಕಡೆಯ ಹುಡುಗಿ ಪ್ರಶ್ನೆ ಕೇಳದೆ ನಾಲ್ಕು ನಿಮಿಷದಲ್ಲಿ ಡಾಕ್ಟರನ್ನು ಲೈನಿಗೆ ತಂದಳಂತೆ.

ನಾನಿದ್ದದ್ದು ಆ ರೂಮಿನಲ್ಲಿ. ಬಹಳವೆಂದರೆ ಹದಿನೈದು ನಿಮಿಷ. ಒಂದು ಉಸಿರು ಬಂದರೆ ಇನ್ನೊಂದು ಬರುವಷ್ಟರಲ್ಲಿ ನಾನು ಹನ್ನೆರಡು, ಹದಿನೈದು ಎಣಿಸುತ್ತಿದ್ದೆ. ಕೆನ್ನೆಗೆ ಹೊಡೆದೆ. "ರೀ, ಉಸಿರು ತಗೊಳ್ರೀ, ದಯವಿಟ್ಟು ತಗೊಳ್ಳಿ" ಅಂದೆ. ಏನೂ ಇಲ್ಲ. ಹದಿನೆಂಟಕ್ಕೆ ಬಂತು. ಇಪ್ಪತ್ತಕ್ಕೆ ಬಂತು. ಆಗ ಎಲ್ಲಿಂದ ಬಂತೋ, ಅಕ್ಕ ಕೂಗುವ ಹಾಗೆಯೇ ಗಂಟಲು ಎತ್ತಿ, "ಪುಟ್ಟಾ! ಉಸಿರು ತಗೋ!" ಎಂದು ಕೂಗಿದೆ.

ಎದೆ ಎದ್ದಿತು.

ಮತ್ತೆ ಕೂಗಿದೆ. ಮತ್ತೆ ಎದ್ದಿತು. ಕೂಗಿದರೆ ತೆಗೆದುಕೊಳ್ಳುತ್ತಿದ್ದರು, ಬಿಟ್ಟರೆ ಮರೆಯುತ್ತಿದ್ದರು. ಆ ಹದಿನೈದು ನಿಮಿಷ ನನ್ನ ಗಂಡ ಉಸಿರಾಡಿದ್ದು ನನ್ನ ಬಾಯಲ್ಲಿ ಬಂದ ಇನ್ನೊಬ್ಬರ ಕರೆಗೆ. ಸಾವು ಅಷ್ಟು ಹತ್ತಿರ ಕೂತಿದ್ದಾಗಲೂ ಅದು ನನ್ನನ್ನು ಚುಚ್ಚಿತು. ಮನುಷ್ಯರ ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತಿಲ್ಲ. ಈಗಲೂ ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೆ ನಾನು ಅವರ ಉಸಿರು ಎಣಿಸುತ್ತೇನೆ.

ಅಕ್ಕ ಬಂದರು. "ಆಸ್ಪತ್ರೆಗೆ ಹೊರಡು, ಪೆಥಿಡಿನ್ ಅಂತ ಹೇಳು, ಅದನ್ನ ಇಳಿಸಕ್ಕೊಂದು ಇಂಜೆಕ್ಷನ್ ಇದೆಯಂತೆ, ದಾರೀಲಿ ನಿದ್ದೆ ಮಾಡಕ್ಕೆ ಬಿಡಬಾರ್ದಂತೆ" ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಆಟೋದಲ್ಲಿ ಇವರನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಸರದಿಯಲ್ಲಿ ಕೂಗಿದೆವು. ಆಟೋದವನು ತಿರುಗಿ, "ನೀವ್ ಕೂಗ್ತಾ ಇರಿ ಅಮ್ಮ, ಅವರಿಗೆ ಕೇಳಿಸ್ಲಿ, ನಾನ್ ಹಾರ್ನ್ ಹೊಡೆಯಲ್ಲ" ಅಂದ. ಆಸ್ಪತ್ರೆಯಲ್ಲಿ ಮದ್ದು ಚುಚ್ಚಿದ ಒಂದೆರಡು ನಿಮಿಷಕ್ಕೆ ಇವರು ಕಣ್ಣು ಬಿಟ್ಟು, ಬೈದು, ವಾಂತಿ ಮಾಡಿಕೊಂಡರು. ವಾಂತಿ ನನ್ನ ಸೀರೆಯ ಮೇಲೆ ಬಿತ್ತು. ಅಕ್ಕನ ಮೇಲಲ್ಲ, ನನ್ನ ಮೇಲೆ. ನನಗೆ ಸಂತೋಷವಾಯಿತು.

ಸೋಮವಾರ ಮಧ್ಯಾಹ್ನ ಡಾಕ್ಟರ ಕೋಣೆಯಲ್ಲಿ ಮತ್ತೆ ಮೂವರೂ ಕೂತೆವು. ಇವರ ಮುಖ ಸುಣ್ಣದ ಹಾಗಿತ್ತು. ಡಾಕ್ಟರು ಹೊಸ ಬಾಟಲಿ ಮೇಜಿನ ಮೇಲಿಟ್ಟರು. "ಈ ಸಲ ಅವಸರ ಬೇಡ. ವರ್ಷ ಆದ್ರೂ ಸರಿ, ಎರಡಾದ್ರೂ ಸರಿ, ನಿಧಾನವಾಗಿ ಇಳಿಸ್ತೀನಿ. ಆದರೆ ಇನ್ನೊಂದು ಭಾನುವಾರ ಈ ಥರ ಆದ್ರೆ ಇವರು ಉಳಿಯಲ್ಲ. ಬಾಟ್ಲಿ ಯಾರಿಗೆ?"

"ಇವಳಿಗೆ ಕೊಡಿ ಸಾರ್. ನನ್ನ ಕೈಗೆ ಬೇಡ" ಅಂದರು ಅಕ್ಕ.

ಎರಡು ತಿಂಗಳಿಂದ ಬೇಕೆಂದುಕೊಂಡದ್ದು ಕೈಗೆಟುಕುವಲ್ಲಿತ್ತು. "ನನಗೂ ಬೇಡ ಸಾರ್" ಅಂದೆ.

"ಹಾಗಾದ್ರೆ ನಮ್ಮನೆ ನಾಯಿಗೆ ಕೊಡ್ಲಾ?"

ಆಗ ಹೇಳಿದೆ. ಅಕ್ಕ ಚೆಲ್ಲುವಾಗ ನಾನು ಬಾಗಿಲಲ್ಲಿದ್ದೆ, ನೀವು ಊರಲ್ಲಿಲ್ಲವೆಂದು ನನಗೆ ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ ಎಂದು. ಯಾಕೆ ಎಂದೂ ಹೇಳಿದೆ. ಒಳಲೆಯ ವಿಷಯವನ್ನೂ ಹೇಳಿದೆ. ಹೇಳುವಾಗ ಅದು ಎಷ್ಟು ಸಣ್ಣದಾಗಿ ಕೇಳಿಸಿತು!

ಇವರು ನನ್ನನ್ನು ನೋಡಿದರು, ನೆಲ ನೋಡಿದರು. ಅಕ್ಕ ಹೇಳಿದರು: "ನೀನು ನಿಂತಿದ್ದು ನಂಗೆ ಗೊತ್ತಿತ್ತು ಕಣೇ. ಸೀರೆ ಅಂಚು ಕಾಣ್ತಿತ್ತು. ಚೆಲ್ಲಬಹುದೋ ಬಾರದೋ ಅಂತ ನಂಗೇ ಅನುಮಾನ ಇತ್ತು. ಓದಿದವಳು ನೋಡ್ತಾ ನಿಂತಿದಾಳೆ, ತಪ್ಪಾಗಿದ್ರೆ ಬೇಡ ಅಂತಿದ್ಲು ಅಂದ್ಕೊಂಡೆ. ಬಿರಡೆ ಒಂದು ನಿಮಿಷ ಬೇಕಂತಲೇ ತಡ ಮಾಡಿ ತಿರುಗಿಸಿದೆ."

ನನಗೆ ಬೈದಿದ್ದರೆ ಬದುಕುತ್ತಿದ್ದೆ.

ಇವರು ಡಾಕ್ಟರ ಕಡೆ ತಿರುಗಿದರು. "ಸಾರ್, ನಮ್ ಬ್ಯಾಂಕಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀ. ಒಂದು ಮ್ಯಾನೇಜರ್ ಹತ್ರ, ಒಂದು ಅಕೌಂಟೆಂಟ್ ಹತ್ರ. ಇಬ್ರೂ ಬರ್ದೇ ಬಾಗ್ಲು ತೆಗೆಯಲ್ಲ. ಒಬ್ಬರನ್ನೊಬ್ಬರು ಕಂಡ್ರೆ ಆಗಲ್ಲ ಅವರಿಗೆ. ಆದ್ರೂ ದಿನಾ ಬೆಳಿಗ್ಗೆ ಒಟ್ಟಿಗೆ ಬರ್ತಾರೆ."

ಡಾಕ್ಟರು ನಕ್ಕರು. ಅಕ್ಕನೂ ಮೂಗು ಒರೆಸಿಕೊಳ್ಳುತ್ತ, "ಇದರಲ್ಲಿ ಮ್ಯಾನೇಜರ್ ಯಾರೋ?" ಅಂದರು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ತಗಡಿನ ಪೆಟ್ಟಿಗೆ ಮತ್ತು ಎರಡು ಬೀಗ ಕೊಂಡು ಮನೆಗೆ ಬಂದೆವು. ಒಂದು ಕೀ ಅಕ್ಕನ ಸೊಂಟಕ್ಕೆ, ಒಂದು ನನ್ನ ತಾಳಿಸರಕ್ಕೆ. ಬೆಳಿಗ್ಗೆ ಆರು, ಸಂಜೆ ಆರು, ಇಬ್ಬರೂ ಇರಲೇಬೇಕು. ಅಕ್ಕ ಡ್ಯೂಟಿ ಬದಲಾಯಿಸಿಕೊಂಡರು. ಮೊದಲ ಸಂಜೆ ಒಳಲೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟು, "ನೀನು ಬಗ್ಗಿಸು, ನಾನು ಬೆಲ್ಲ ಹಾಕ್ತೀನಿ" ಅಂದರು. ಬೆಲ್ಲವನ್ನು ಬಿಟ್ಟುಕೊಡಲಿಲ್ಲ. ನಾನು ಬಗ್ಗಿಸುವಾಗ ಎರಡು ತೊಟ್ಟು ಚೆಲ್ಲಿತು. "ನೋಡಿದ್ಯಾ, ಲೋಟ ಆಗಿದ್ರೆ ಅರ್ಧ ಹೋಗ್ತಿತ್ತು, ಇದಕ್ಕೇ ಒಳಲೆ ಅಂದಿದ್ದು" ಅಂದರು.

ಆಮೇಲೆ ಮೂವರೂ ಹಾಲ್‌ನಲ್ಲೇ ಮಲಗತೊಡಗಿದೆವು. ಇವರು ನಡುವೆ, ಬಾಗಿಲ ಕಡೆ ಅಕ್ಕ, ಪೆಟ್ಟಿಗೆಯ ಕಡೆ ನಾನು. ಯಾರಿಗೂ ನಿದ್ದೆಯಿಲ್ಲ. ಇವರಿಗೆ ಕಾಲು ಸೆಳೆತ, ನಮಗೆ ಇವರ ಉಸಿರು. ವಾರಗಟ್ಟಲೆ ಹೀಗೆ. ಮಗ್ಗುಲು ಬದಲಿಸಿದರೆ ಸಾಕು, ಅಕ್ಕ ಒಂದು ಕಡೆಯಿಂದ ನಾನೊಂದು ಕಡೆಯಿಂದ ತಲೆಯೆತ್ತುತ್ತಿದ್ದೆವು. ಯಾರು ಮೊದಲು ಎತ್ತಿದರೆಂಬುದರಲ್ಲೂ ನನಗೊಂದು ಪೈಪೋಟಿ. ಇವರ ಹತ್ತಿರ ನಾನು ಕ್ಷಮೆ ಕೇಳಿದಾಗ, "ನಾನೂ ಮೂರು ಸಲ ಆಣೆ ಇಟ್ಟಿದ್ನಲ್ಲ" ಅಂದರು. ಅದರ ಮೇಲೆ ಆ ಮಾತು ಬರಲಿಲ್ಲ.

ಯುಗಾದಿ ಕಳೆದು, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ನನ್ನ ಮೊಣಕಾಲಿನವರೆಗೆ ಬಂದಿತ್ತು. ಹಾಲಿನವನು ಬಂದು ಹೋಗಿದ್ದ. ಗಡಿಯಾರ ಏಳೂ ಮೂವತ್ತೈದು. ಅಕ್ಕ ಬಾಯಿ ತೆರೆದು ನಿದ್ದೆ ಹೋಗಿದ್ದರು. ನಡುವಿನ ಹಾಸಿಗೆ ಖಾಲಿಯಾಗಿತ್ತು, ಮಡಿಸಿಟ್ಟಿತ್ತು.

ಎದ್ದು ಓಡಿದೆ. ನಡುಮನೆಯಲ್ಲಿ ಇವರು ಸ್ನಾನ ಮಾಡಿ ಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಳಲೆ ತೊಳೆದು ಬೋರಲು ಹಾಕಿತ್ತು, ತಟ್ಟೆಯಲ್ಲಿ ಬೆಲ್ಲದ ಚೂರು. ಪೇಪರು ಓದುತ್ತಿದ್ದರು.

"ಆರು ಗಂಟೆಗೆ ಎಬ್ಬಿಸೋದಲ್ವಾ!"

"ನೀವಿಬ್ರೂ ಮಲಗಿದ್ರಿ. ಇರ್ಲಿ ಅಂತ ಕೂತಿದ್ದೆ."

ಒಂದೂವರೆ ಗಂಟೆ ಮದ್ದು ತಡವಾಗಿತ್ತು. ಆಕಳಿಕೆಯಿಲ್ಲ, ಮೈ ನವಿರೆದ್ದಿಲ್ಲ. ಕಾಲು ಒಂದರ ಮೇಲೊಂದು ಸುಮ್ಮನೆ ಬಿದ್ದಿದ್ದವು. ರಾತ್ರಿ ಒಮ್ಮೆಯೂ ಏಳಲಿಲ್ಲವಂತೆ. ನಮಗೂ ಎಚ್ಚರವಾಗಿರಲಿಲ್ಲ.

"ಅಕ್ಕನ್ನ ಎಬ್ಬಿಸ್ತೀನಿ, ಕೀ ಬೇಕಲ್ಲ" ಅಂದೆ.

"ಇನ್ನೊಂದು ಹತ್ತು ನಿಮಿಷ ಮಲಗ್ಲಿ ಬಿಡೇ. ಪಾಪ, ಅವಳಿಗೆ ಕೆಮ್ಮು. ಬೆಳಗಿನ ಜಾವವೇ ಎದ್ದು ಫ್ಯಾನ್ ಆರಿಸಿದೆ."

ಆಗ ಗಮನಿಸಿದೆ. ನನ್ನ ಕುಪ್ಪಸದ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಇವರಿಗೆ ಅಕ್ಕನ ಕೆಮ್ಮು ನೆನಪಿತ್ತು, ಏಪ್ರಿಲ್ ಸೆಕೆಯಲ್ಲಿ ಪಕ್ಕದಲ್ಲಿ ಮಲಗಿದ್ದ ಹೆಂಡತಿ ನೆನಪಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಬಾಯಿ ಮುಚ್ಚಿಕೊಂಡಿರಲಿಲ್ಲ ಈ ಸಲ.

"ನಂಗೆ ಸೆಕೆ ಆಗಲ್ವಾ? ನಾನೇನು ಕಲ್ಲಾ?" ಅಂದೆ, ಅಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿ.

ಹಾಲ್‌ನಿಂದ ಅಕ್ಕನ ದನಿ ಬಂತು, ನಿದ್ದೆಗಣ್ಣಿನಲ್ಲೇ. "ಬೆಳಗಾಗ್ತಿದ್ದ ಹಾಗೇ ಶುರು ಮಾಡಿದ್ಯೇನೇ? ಬಂದೆ ಇರು." ಕೀ ಗೊಂಚಲಿನ ಸದ್ದಾಯಿತು. ನಾನು ತಾಳಿಸರದಿಂದ ನನ್ನದನ್ನು ಬಿಡಿಸಿಕೊಂಡೆ.